ಮೂಲಾ ನಕ್ಷತ್ರವನ್ನು ತವುಡಿಗೆ ಮಾರಿದ ಮನೆ

ನನ್ನನ್ನು ಮಾರಿದ ಮನೆಯ ನೆಲ ಕೆಂಪು ಸಿಮೆಂಟಿನದು. ಅದನ್ನು ದಿನವೂ ಬೆಳಿಗ್ಗೆ ಒರೆಸುತ್ತಿದ್ದವಳು ಅಮ್ಮ, ಒರೆಸಿದ ಮೇಲೆ ಮೊದಲು ಕಾಲಿಡುತ್ತಿದ್ದವರು ದೊಡ್ಡಪ್ಪ. ಇಷ್ಟು ತಿಳಿದರೆ ಆ ಮನೆಯ ಕಾಯಿದೆಯೆಲ್ಲ ತಿಳಿದ ಹಾಗೆ. ತಿರುವನಂತಪುರದ ಪಕ್ಕದ ತುಂಬ ಎಂಬ ಊರಿನಲ್ಲಿ ಕಡಲಿಗೆ ಹೋಗುವ ಓಣಿಯೊಂದರಲ್ಲಿ ಆ ಬಾಡಿಗೆ ಮನೆಯಿತ್ತು. ದೊಡ್ಡಪ್ಪ ಅಲ್ಲಿನ ಬಾಹ್ಯಾಕಾಶ ಕೇಂದ್ರದಲ್ಲಿ ವಿಜ್ಞಾನಿ. ಮೈಸೂರಿನಲ್ಲಿ ಕೆಲಸವಿಲ್ಲದೆ ಕೂತಿದ್ದ ತಮ್ಮನನ್ನು, ಅಂದರೆ ನನ್ನ ಅಪ್ಪನನ್ನು, ಅವರೇ ಕರೆಸಿಕೊಂಡು ಒಬ್ಬ ಗುತ್ತಿಗೆದಾರನ ಹತ್ತಿರ ವೆಲ್ಡಿಂಗ್ ಕೆಲಸಕ್ಕೆ ಸೇರಿಸಿದ್ದರು. ಹಾಗಾಗಿ ಮುಂದಿನ ಹಾಲ್, ಬೆತ್ತದ ಕುರ್ಚಿ, ರೇಡಿಯೊ, ಮೊಸರಿನ ಕೆನೆ ಎಲ್ಲ ದೊಡ್ಡಪ್ಪನ ಪಾಲು. ನಡುಮನೆಯೂ ದೇವರ ಗೂಡೂ ದೊಡ್ಡಮ್ಮನವು, ಅವರಿಗೆ ಮಕ್ಕಳಿರಲಿಲ್ಲ. ಅಡುಗೆಮನೆಯ ಪಕ್ಕದ ಉಗ್ರಾಣ, ಅಕ್ಕಿ ಮೂಟೆ ಮತ್ತು ಇರುವೆಗಳ ಸಮೇತ, ನಮ್ಮ ಮೂವರದು. ಉಪಕಾರ ಮಾಡಿದವರ ಮನೆಯಲ್ಲಿ ಇರಬೇಡಿ ಎಂದು ನನ್ನ ಹತ್ತಿರ ಕೆಲಸ ಕಲಿಯಲು ಬರುವ ಹುಡುಗಿಯರಿಗೆ ನಾನು ಮೊದಲ ದಿನವೇ ಹೇಳುತ್ತೇನೆ. ಬಾಡಿಗೆ ಕೊಟ್ಟು ಬಸ್ ಸ್ಟ್ಯಾಂಡಿನ ಹಿಂದೆ ಇರಿ, ಕೆಟ್ಟ ವಾಸನೆ ಬರಲಿ, ಪರವಾಗಿಲ್ಲ. ಉಪಕಾರದ ಮನೆಯಲ್ಲಿ ನಿಮ್ಮ ಅಪ್ಪ ಕೆಮ್ಮುವಾಗಲೂ ಬಾಯಿಗೆ ಟವೆಲ್ ಹಿಡಿಯುತ್ತಾನೆ.

ಮಳೆಯಿಲ್ಲದ ಸಂಜೆಗಳಲ್ಲಿ, ದೀಪ ಹಚ್ಚಿದ ಮೇಲೆ, ಊಟಕ್ಕೆ ಮೊದಲು ದೊಡ್ಡಪ್ಪ ತಾರಸಿಯ ಮೇಲೆ ನಕ್ಷತ್ರದ ಪಾಠ ಮಾಡುತ್ತಿದ್ದರು. ಅವರ ಸಹೋದ್ಯೋಗಿಗಳೂ ಮಕ್ಕಳೂ ಬಂದು ಚಾಪೆಯ ಮೇಲೆ ಕೂರುತ್ತಿದ್ದರು. ನೀರಿನ ಹೂಜಿ ಹೊತ್ತು ಮೇಲೆ ಹೋಗುವುದು ನನ್ನ ಕೆಲಸ. ಹೂಜಿ ಖಾಲಿಯಾಗುವವರೆಗೆ ನಿಲ್ಲಬಹುದು, ಖಾಲಿಯಾದ ಕೂಡಲೇ ಇಳಿಯಬೇಕು. ಯಾರೂ ಬೇಗ ನೀರು ಕುಡಿಯದಿರಲಿ ಎಂದು ನಾನು ಲೋಟ ಕೊಡುವುದನ್ನೇ ತಡ ಮಾಡುತ್ತಿದ್ದೆ. ಅದು ನನ್ನ ಮೊದಲ ವ್ಯಾಪಾರಿ ಬುದ್ಧಿ. ಟಾರ್ಚಿಗೆ ನೀಲಿ ಕಾಗದ ಸುತ್ತಿ, ಬೆಳಕಿನ ಕೋಲನ್ನು ಆಕಾಶಕ್ಕೆ ಚುಚ್ಚಿ ಅವರು ಮಾತಾಡುತ್ತಿದ್ದರೆ, ಈಗಲೂ ಒಪ್ಪಬೇಕು, ಕೇಳುವ ಹಾಗಿರುತ್ತಿತ್ತು. ನಾಲ್ಕೈದು ಸಾವಿರ ವರ್ಷದ ಹಿಂದೆ ಎರಡು ನದಿಗಳ ನಡುವಿನ ದೇಶದವರು, ಬಾಬಿಲೋನಿನವರು, ತೆಂಕಣದ ಆ ವಕ್ರರೇಖೆಯನ್ನು ಚೇಳು ಎಂದು ಕರೆದರಂತೆ. ಗಡಿಕಲ್ಲುಗಳ ಮೇಲೂ ಅದನ್ನೇ ಕೆತ್ತಿದರಂತೆ. ಗ್ರೀಕರು ಆ ಚೇಳಿಗೆ ಒಂದು ಕೊಲೆ ಹೊರಿಸಿದರು: ಬಡಾಯಿ ಕೊಚ್ಚಿದ ಬೇಟೆಗಾರನನ್ನು ಕಚ್ಚಿತು, ಅದಕ್ಕೇ ಚೇಳು ಮೂಡಣದಲ್ಲಿ ಎದ್ದರೆ ಬೇಟೆಗಾರ ಪಡುವಣದಲ್ಲಿ ಓಡಿ ಮುಳುಗುತ್ತಾನೆ. ಅದೇ ಬೇಟೆಗಾರನ ಜಾಗದಲ್ಲಿ ನಮ್ಮವರು ಕಂಡದ್ದು ಒಂದು ಜಿಂಕೆಯನ್ನು. ಸ್ವಂತ ಮಗಳಾದ ರೋಹಿಣಿಯ ಮೇಲೆ ಕಣ್ಣು ಹಾಕಿ, ಜಿಂಕೆಯಾಗಿ ಬೆನ್ನಟ್ಟಿದ ಪ್ರಜಾಪತಿ ಅದು. ರುದ್ರ ಬಾಣ ಬಿಟ್ಟ. ಸಾಲಾಗಿ ಕಾಣುವ ಮೂರು ನಕ್ಷತ್ರಗಳೇ ಆ ಬಾಣ. ಇನ್ನೂ ಕಿತ್ತಿಲ್ಲ.

ಅಲ್ಲಿ ಕೂತವರು ಅದನ್ನೆಲ್ಲ ವಿಜ್ಞಾನದ ಜೊತೆಗಿನ ರುಚಿಯಾದ ಕಥೆ ಎಂದುಕೊಂಡಿರಬೇಕು. ಹೂಜಿ ಹಿಡಿದು ನಿಂತ ನಾನು ಬೇರೆಯದನ್ನು ಕಲಿತೆ. ಹಳೆಯ ಕಾಲದವರು ಆಕಾಶಕ್ಕೆ ಏರಿಸಿದ್ದು ದೇವರುಗಳನ್ನಷ್ಟೇ ಅಲ್ಲ. ತಪ್ಪು ಮಾಡಿದವರನ್ನೂ ಏರಿಸಿದರು. ಊರಿನ ಮಧ್ಯೆ ಕಂಬಕ್ಕೆ ಕಟ್ಟಿದರೆ ಒಂದು ತಲೆಮಾರು ನೋಡುತ್ತದೆ. ಆಕಾಶದಲ್ಲಿ ಕಟ್ಟಿದರೆ ಮುಗಿಯಿತು.

ನನ್ನ ಜನ್ಮನಕ್ಷತ್ರ ಮೂಲಾ. ಆ ಚೇಳಿನ ಬಾಲ. ಮೈಸೂರಿನ ಕಡೆ ಮೂಲಾ ನಕ್ಷತ್ರದ ಹೆಣ್ಣೆಂದರೆ ಮಾವನಿಗೆ ಕೇಡು ಎನ್ನುತ್ತಾರೆ. ಎಂಟು ವರ್ಷದ ಹುಡುಗಿಗೆ ಮಾವ ಎಲ್ಲಿಂದ ಬರಬೇಕು? ದೊಡ್ಡಮ್ಮ ಆ ಮಾತನ್ನು ಸ್ವಲ್ಪ ಹಿಗ್ಗಿಸಿ, ಮನೆಯ ಹಿರಿಯ ಗಂಡಸಿಗೆ ಆಗಿಬರುವುದಿಲ್ಲ ಎಂದು ಮಾಡಿಕೊಂಡಿದ್ದರು. ತಮಾಷೆಯೆಂದರೆ, ಕೇರಳದಲ್ಲಿ ದೇವಸ್ಥಾನದ ಕೌಂಟರಿನಲ್ಲೇ ಎಲ್ಲರೆದುರು ಹೆಸರು, ನಕ್ಷತ್ರ ಕೇಳುತ್ತಾರೆ. "ಪೇರ್? ನಾಳ್?" ಅಮ್ಮ ಹೆದರುತ್ತ ಹೆದರುತ್ತ "ವಾಣಿ, ಮೂಲಂ" ಎಂದರೆ ಚೀಟಿ ಬರೆಯುವವನು ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಅವನಿಗೆ ಅದು ಇಪ್ಪತ್ತೇಳರಲ್ಲಿ ಒಂದು. ಆ ಭಯವನ್ನು ನಾವೇ ಮೈಸೂರಿನಿಂದ ಹಾಸಿಗೆ, ಪಾತ್ರೆಗಳ ಜೊತೆ ಕಟ್ಟಿಕೊಂಡು ಬಂದಿದ್ದೆವು.

ಒಂದು ಮಳೆಗಾಲದ ಕೊನೆಯಲ್ಲಿ ದೊಡ್ಡಪ್ಪನಿಗೆ ಎದೆನೋವು ಬಂತು. ಡಾಕ್ಟರು ಪರೀಕ್ಷೆ ಮಾಡಿ, ಹೃದಯಕ್ಕೇನೂ ಆಗಿಲ್ಲ, ಹೊಟ್ಟೆಯ ವಾಯು, ಕರಿದದ್ದು ಬಿಡಿ ಎಂದರು. ದೊಡ್ಡಪ್ಪ ಕರಿದದ್ದನ್ನು ಬಿಟ್ಟರು, ಆದರೆ ಡಾಕ್ಟರನ್ನು ನಂಬಲಿಲ್ಲ. ರಾತ್ರಿ ಎದ್ದು ಕೂತು ನಾಡಿ ಹಿಡಿದುಕೊಳ್ಳುತ್ತಿದ್ದರಂತೆ. ದೊಡ್ಡಮ್ಮ ಮೈಸೂರಿನ ಪುರೋಹಿತರಿಗೆ ಫೋನ್ ಮಾಡಿದರು. ಅವರು ಹಳೆಯ ಉಪಾಯವೊಂದನ್ನು ಹೇಳಿದರು: ಹುಡುಗಿಯನ್ನು ಬೇರೆ ಮನೆಯವರಿಗೆ ಒಂದು ಮೊರ ತವುಡಿಗೆ ಮಾರಿ, ದೀಪ ಹಚ್ಚುವ ಮೊದಲು ಸೀರೆ, ತೆಂಗಿನಕಾಯಿ ಕೊಟ್ಟು ವಾಪಸ್ ಕೊಂಡುಕೊಳ್ಳಿ. ಮಾರಿದ ಸರಕಿನ ದೋಷ ಮಾರಿದವನಿಗೆ ತಟ್ಟುವುದಿಲ್ಲ. ಕೆಲವು ಗಂಟೆಯ ಆಟ. ನಮ್ಮ ಕಡೆ ಎಷ್ಟೋ ಮಕ್ಕಳಿಗೆ ಮಾಡಿದ್ದಾರೆ, ಯಾರೂ ಸತ್ತಿಲ್ಲ.

ಆದರೆ ಆ ಊರಿನಲ್ಲಿದ್ದ ಕನ್ನಡದ ಮನೆಗಳವರು ಯಾರೂ ನನ್ನನ್ನು ಕೊಳ್ಳಲು ಒಪ್ಪಲಿಲ್ಲ. ಅರ್ಧ ದಿನಕ್ಕೂ ಒಪ್ಪಲಿಲ್ಲ. ಎದುರು ಮನೆಯ ಫಿಲೋಮಿನ ಅಕ್ಕನಿಗೆ, ಅಲ್ಲಿಯವರ ಮಾತಿನಲ್ಲಿ ಫಿಲೋಮಿನ ಚೇಚಿಗೆ, ಈ ಲೆಕ್ಕಾಚಾರವೇ ಗೊತ್ತಿರಲಿಲ್ಲ. ಮೀನು ಮಾರುವ ಹೆಂಗಸು, ಗಂಡ ಕಡಲಿಗೆ ಹೋಗುವವನು. ಅವಳ ಅಂಗಳದಲ್ಲಿ ಕೋಳಿಗಳಿದ್ದವು, ಹಾಗಾಗಿ ತವುಡೂ ಇತ್ತು. ಅಮ್ಮ ವಿಷಯ ಹೇಳಿದಾಗ ಅವಳು ಸೊಂಟದ ಮೇಲೆ ಕೈಯಿಟ್ಟು ನಕ್ಕಳು. ಅಲ್ಲಿ ಪ್ರತಿ ಮನೆಯಲ್ಲೂ ಮಕ್ಕಳನ್ನು "ನಿನ್ನೆ ತವಿಡು ಕೊಡುತ್ತು ವಾಙ್ಙಿಯದಾ" ಎಂದು ರೇಗಿಸುತ್ತಾರೆ, ನಿನ್ನನ್ನು ತವುಡು ಕೊಟ್ಟು ಕೊಂಡದ್ದು ಎಂದು. ಹೀಗೆ ನಿಜವಾಗಿಯೂ ಮೊರ ಹಿಡಿದುಕೊಂಡು ಬಾ ಎಂದವರನ್ನು ಅವಳು ನೋಡಿರಲಿಲ್ಲ. ಹಿತ್ತಲ ಬಾಗಿಲಿನಲ್ಲಿ ವ್ಯಾಪಾರ ಆಯಿತು. ದೊಡ್ಡಮ್ಮ ತವುಡನ್ನು ಸೆರಗಿನಲ್ಲಿ ತೆಗೆದುಕೊಂಡು ಹಿಂತಿರುಗಿ ನೋಡದೆ ಒಳಗೆ ಹೋದರು. ತೂಕ ಸಹ ನೋಡಲಿಲ್ಲ. ಸರಕು ಮಾರುವವರು ಹಾಗೆ ಅವಸರ ಮಾಡಿದರೆ, ಕೊಳ್ಳುವವಳು ಅರ್ಥ ಮಾಡಿಕೊಳ್ಳಬೇಕು: ಅವರಿಗೆ ಬೆಲೆ ಬೇಕಾಗಿಲ್ಲ, ಸರಕು ತೊಲಗಬೇಕಾಗಿದೆ. ಫಿಲೋಮಿನ ಚೇಚಿ ಅರ್ಥ ಮಾಡಿಕೊಂಡಳು. ಅವಳ ನಗು ನಿಂತಿತು.

"ವಾ ಮೋಳೇ, ಕಂಜಿ ಕುಡಿಕ್ಕಾಂ," ಬಾ ಮಗಳೇ, ಗಂಜಿ ಕುಡಿಯೋಣ ಎಂದು ನನ್ನ ಕೈ ಹಿಡಿದಳು.

ದೀಪ ಹಚ್ಚುವ ಹೊತ್ತಿಗೆ ಅಮ್ಮ ತನ್ನದೇ ಒಂದು ಸೀರೆ ಮಡಿಸಿ, ತೆಂಗಿನಕಾಯಿ ಇಟ್ಟುಕೊಂಡು ಹೊರಡಲು ನಿಂತಳು. ಆಗ ದೊಡ್ಡಪ್ಪ ಕುರ್ಚಿಯಿಂದ ಮಾತಾಡಿದರು. ಆ ಮಾತುಗಳನ್ನು ಅಮ್ಮ ಆಮೇಲೆ ನನಗೆ ಎಷ್ಟು ಸಲ ಹೇಳಿದ್ದಾಳೆಂದರೆ, ನಾನೇ ಕೇಳಿಸಿಕೊಂಡ ಹಾಗೆ ಆಗಿಬಿಟ್ಟಿದೆ.

"ಇವತ್ತೇ ಬೇಡ, ತಾಳು. ನಾನು ಇದನ್ನೆಲ್ಲ ನಂಬೋನಲ್ಲ, ನಿನಗೆ ಗೊತ್ತು. ಆದರೆ ಮಾಡಿದ್ದಂತೂ ಆಯ್ತು, ಒಂದು ಪ್ರಯೋಗ ಅಂತ ತಿಳ್ಕೊಳ್ಳೋಣ. ಅವಳು ಮನೇಲಿ ಇಲ್ಲದಿರುವಾಗ ನೋವು ಬರುತ್ತೋ ಇಲ್ವೋ, ಸ್ವಲ್ಪ ದಿನ ಗಮನಿಸೋಣ."

"ಮಗು ಅದು, ಭಾವ," ಎಂದಳಂತೆ ಅಮ್ಮ.

"ಎದುರುಗಡೇನೇ ಇದಾಳಲ್ಲಮ್ಮ. ಚಂದ್ರಲೋಕಕ್ಕೆ ಕಳಿಸಿದ ಹಾಗೆ ಮಾಡ್ತೀಯ."

ಪುರೋಹಿತರಾದರೆ ಸಂಜೆಗೆ ವಾಪಸ್ ಕರೆದುಕೊಳ್ಳಿ ಎಂದಿದ್ದರು. ವಿಜ್ಞಾನಿ ಬೇಡವೆಂದರು. ಬರೀ ಮೂಢನಂಬಿಕೆಯ ಕೈಗೆ ಸಿಕ್ಕಿದ್ದರೆ ನಾನು ಆ ರಾತ್ರಿ ನನ್ನ ಅಕ್ಕಿ ಮೂಟೆಯ ಪಕ್ಕ ಮಲಗಿರುತ್ತಿದ್ದೆ. ಮೂಢನಂಬಿಕೆ ಓದು ಕಲಿತದ್ದರಿಂದ ಹೊರಗೆ ಉಳಿದೆ. ದಿನಗಳು ಕಳೆದವು, ದೊಡ್ಡಪ್ಪನ ನೋವು ಮತ್ತೆ ಬರಲಿಲ್ಲ. ಬೋಂಡ, ಚಕ್ಕುಲಿ ಬಿಟ್ಟವನಿಗೆ ವಾಯುವಿನ ನೋವು ಹೇಗೆ ಬರುತ್ತದೆ? ಅವರು ಮಾತ್ರ ಪ್ರಯೋಗ ಫಲ ಕೊಡುತ್ತಿದೆ ಎಂದುಕೊಂಡರು. ಫಲ ಕೊಡುವ ಪ್ರಯೋಗವನ್ನು ಯಾರು ನಿಲ್ಲಿಸುತ್ತಾರೆ! ಓಣಂ ಬಂತು, ಹೋಯಿತು. ಅಪ್ಪ ಕೆಲಸಕ್ಕೆ ಹೋಗುವಾಗ ಗೋಡೆಯಾಚೆಯಿಂದ ಕೈ ಆಡಿಸುತ್ತಿದ್ದ, ದೊಡ್ಡಪ್ಪ ಮುಂದಿನ ಹಾಲ್‌ನಲ್ಲಿದ್ದರೆ ಅದೂ ಇಲ್ಲ. ಅಮ್ಮ ಮಧ್ಯಾಹ್ನ ಗಂಡಸರಿಲ್ಲದಾಗ ಗೋಡೆಯ ಮೇಲೆ ಅನ್ನದ ಡಬ್ಬಿ ಇಟ್ಟು, ನಾನು ತಿನ್ನುವುದನ್ನು ನಿಂತು ನೋಡುತ್ತಿದ್ದಳು. ನನಗೆ ಬೇಕಾಗಿದ್ದು ಅನ್ನವಲ್ಲ. ನನ್ನನ್ನು ವಾಪಸ್ ಕೊಂಡುಕೊಳ್ಳುವವರು ಬೇಕಾಗಿತ್ತು. ಶಾಲೆಯಲ್ಲಿ ಗೆಳತಿಯರಿಗೆ, ನನ್ನನ್ನು ತವುಡಿಗೆ ಮಾರಿದ್ದಾರೆ ಎಂದು ಗುಟ್ಟು ಹೇಳಿದರೆ ಎಲ್ಲರೂ ನಕ್ಕು, "ಎನ್ನೆಯುಂ!" ನನ್ನನ್ನೂ ಎಂದರು. ಎಲ್ಲರ ಮನೆಯ ತಮಾಷೆ ನನ್ನೊಬ್ಬಳ ಪಾಲಿಗೆ ನಿಜವಾಗಿದೆ ಎಂದು ಒಬ್ಬರಿಗೂ ನಂಬಿಸಲಾಗಲಿಲ್ಲ.

ಫಿಲೋಮಿನ ಚೇಚಿಯ ಮನೆ ಒಂದೇ ಕೋಣೆಯದು, ಮುಂದೆ ಜಗಲಿ. ಅವಳು ನನಗಾಗಿ ಬೇರೆ ಮಡಕೆಯಲ್ಲಿ ಗಂಜಿ, ಹೆಸರುಕಾಳು ಬೇಯಿಸುತ್ತಿದ್ದಳು. ಮೀನಿನ ಸೌಟು ಅದಕ್ಕೆ ತಾಗದಂತೆ ನೋಡಿಕೊಳ್ಳುತ್ತಿದ್ದಳು. ಯಾರೂ ಅವಳಿಗೆ ಹಾಗೆ ಮಾಡು ಎಂದು ಹೇಳಿರಲಿಲ್ಲ. ಸಂಜೆ ಜಗಲಿಯಲ್ಲಿ ಕೂತರೆ ಎದುರಿನ ತಾರಸಿ ಕಾಣುತ್ತಿತ್ತು. ನೀಲಿ ಟಾರ್ಚು, ಚಾಪೆ, ಮಕ್ಕಳ ತಲೆಗಳು, ದೊಡ್ಡಪ್ಪನ ದನಿ. ಮಳೆ ತೆರವಾದ ಆ ತಿಂಗಳುಗಳಲ್ಲಿ ಕತ್ತಲಾಗುತ್ತಿದ್ದ ಹಾಗೆಯೇ ತೆಂಗಿನ ಮರಗಳ ಮೇಲೆ, ತೆಂಕಣ ಪಡುವಣದ ನಡುವೆ ಚೇಳು ಪೂರ್ತಿ ಕಾಣುತ್ತದೆ. ನಾನು ಫಿಲೋಮಿನ ಚೇಚಿಗೆ ಬೆರಳು ಮಾಡಿ, ಇದು ತಲೆ, ಇದು ಕೆಂಪು ಹೃದಯ, ಆ ಬಾಲ ನಾನು ಎಂದು ತೋರಿಸಿದೆ.

"ತೇಳೋ? ಅದು ಚೂಂಡಯಲ್ಲೇ!" ಎಂದಳು ಅವಳು. ಚೇಳೆಲ್ಲಿ ಬಂತು, ಮೀನಿನ ಗಾಳವಲ್ಲವೇ ಅದು ಎಂದು. ಆಮೇಲೆ ನನ್ನ ಕೆನ್ನೆ ಹಿಂಡಿ, "ಗಾಳಕ್ಕೆ ನೀನು ಸಿಕ್ಕಿದ್ದೀಯ ನನಗೆ," ಎಂದು ಅವಳ ಮಲಯಾಳದಲ್ಲಿ ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ. ಏಕೆಂದರೆ ಅದೇ ಹೊತ್ತಿಗೆ ಎದುರಿನ ತಾರಸಿಯಿಂದ ದೊಡ್ಡಪ್ಪನ ಮಾತು ಓಣಿ ದಾಟಿ ಬರುತ್ತಿತ್ತು.

"ಈ ಬಾಲದ ತುದೀಲಿ ಜೋಡಿ ನಕ್ಷತ್ರ ಇದೆ ನೋಡಿ. ನಮ್ಮ ಬಹಳ ಹಳೇ ಮಂತ್ರಗಳಲ್ಲಿ ಮೂಲಾಗೆ ಬೇರು ಕೀಳೋದು ಅಂತ ಒಂದು ಹೆಸರಿದೆ, ಅದಕ್ಕೇ ಜನ ಹೆದರ್ತಾರೆ. ಆದರೆ ಅದೇ ಜೋಡಿಗೆ ವಿಚೃತ ಅಂತ ಇನ್ನೊಂದು ಹೆಸರು. ಅಂದ್ರೆ ಕಟ್ಟು ಬಿಚ್ಚೋ ಎರಡು ನಕ್ಷತ್ರ. ಅವು ಮೂಡಿದ್ರೆ ವಂಶದಿಂದ ಬಂದ ಕಟ್ಟುಗಳೆಲ್ಲ ಸಡಿಲ ಆಗುತ್ತೆ ಅಂತ ನಂಬಿದ್ರು. ಹೆದರಿಕೆ ಆಮೇಲೆ ಸೇರಿಸಿದ್ದು. ಸ್ವಾರಸ್ಯವಾಗಿದೆ, ಅಲ್ವಾ?"

ಸ್ವಾರಸ್ಯ! ಗೊತ್ತಿಲ್ಲದೆ ತಪ್ಪು ಮಾಡಿದವರನ್ನು ಬಿಟ್ಟುಬಿಡಬಹುದು. ದೊಡ್ಡಮ್ಮನನ್ನು ನಾನು ಬಿಟ್ಟಿದ್ದೇನೆ. ಇವರಿಗೆ ಗೊತ್ತಿತ್ತು. ನನ್ನ ನಕ್ಷತ್ರದ ಹೆಸರು ಎಲ್ಲಿಂದ ಬಂತು, ಯಾವ ಕಾಲದವರು ಅದನ್ನು ಏನೆಂದು ಕರೆದರು, ಭಯ ಯಾವಾಗ ಅಂಟಿತು, ಎಲ್ಲ ಗೊತ್ತಿತ್ತು. ಗೊತ್ತಿದ್ದನ್ನು ಊರ ಮಕ್ಕಳಿಗೆ ಹಂಚಿ, ಅದೇ ನಕ್ಷತ್ರದ ಹುಡುಗಿಯನ್ನು ಓಣಿಯಾಚೆ ಇಟ್ಟು, ಕೆಳಗಿಳಿದು ಹೋಗಿ ಮೊಸರಿನ ಕೆನೆ ತಿನ್ನುತ್ತಿದ್ದರು. ಆ ಜಗಲಿಯಲ್ಲಿ ನಾನು ಪಾಠ ಕಲಿತದ್ದು ಸಿಟ್ಟಿನಿಂದ. ಒಂದೊಂದು ಹೆಸರನ್ನೂ ಬಾಯಿಪಾಠ ಮಾಡಿದೆ. ಸಿಟ್ಟಿನಿಂದ ಕಲಿತದ್ದು ಮರೆಯುವುದಿಲ್ಲ, ಬೇಕಾದರೆ ನೀವೂ ಪರೀಕ್ಷಿಸಿ ನೋಡಿ.

ನವರಾತ್ರಿ ಬಂತು. ದೊಡ್ಡಮ್ಮ ನಡುಮನೆಯಲ್ಲಿ ಮೈಸೂರಿನ ಹಾಗೆಯೇ ಗೊಂಬೆ ಕೂರಿಸುತ್ತಿದ್ದರು. ನಮ್ಮಲ್ಲಿ ಸರಸ್ವತಿಯನ್ನು ಮನೆಗೆ ಆಹ್ವಾನಿಸುವುದು ಮೂಲಾ ನಕ್ಷತ್ರದ ದಿನ. ಅಮ್ಮ ಅದೇ ದಿನವನ್ನು ನೆನೆದು ನನಗೆ ವಾಣಿ ಎಂದು ಹೆಸರಿಟ್ಟದ್ದು. ಆ ಸಂಜೆ ಮನೆ ತುಂಬ ಜನ. ರೇಷ್ಮೆ ಸೀರೆಗಳು, ಕೋಸಂಬರಿ, ಒಗ್ಗರಣೆಯ ವಾಸನೆ ಓಣಿಯವರೆಗೆ. ಆಕಾಶದಲ್ಲಿ ಅರ್ಧ ಚಂದ್ರ ಸರಿಯಾಗಿ ಚೇಳಿನ ಬಾಲದ ಮೇಲೆ ನಿಂತಿದ್ದ. ನನ್ನಲ್ಲಿ ಅದೆಲ್ಲಿಂದ ಆ ವ್ಯವಹಾರದ ಧೈರ್ಯ ಬಂತೋ. ಚೌಕಾಸಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ ಎಂದು ಲೆಕ್ಕ ಹಾಕಿದೆ: ಜನರೆದುರು ಯಾರೂ ಇಲ್ಲವೆನ್ನಲಾರರು. ಫಿಲೋಮಿನ ಚೇಚಿಯಿಂದ ತಲೆ ಬಾಚಿಸಿಕೊಂಡು, ನೇರವಾಗಿ ಮುಂಬಾಗಿಲಿಗೆ ಹೋಗಿ ಹೊಸ್ತಿಲಾಚೆ ನಿಂತೆ. ಅವಳು ಗೇಟಿನ ಹತ್ತಿರ ನಿಂತಳು.

"ದೊಡ್ಡಪ್ಪ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಚಂದ್ರ ಮೂಲಾಗೆ ಬಂದಿದಾನೆ. ಸರಸ್ವತೀನ ಒಳಗೆ ಕರೆದಿದೀರಂತೆ. ಅವಳದ್ದೂ ನನ್ನದೂ ಒಂದೇ ನಕ್ಷತ್ರ. ನಾನೂ ಬರ್ಲಾ?"

ದೊಡ್ಡಪ್ಪನ ಮೇಲಧಿಕಾರಿಯ ಹೆಂಡತಿ, ಮೂಗಿಗೆ ದೊಡ್ಡ ನತ್ತಿನ ತಮಿಳು ಹೆಂಗಸು, ಬಗ್ಗಿ ನೋಡಿ ಇಂಗ್ಲಿಷಿನಲ್ಲಿ, ಎಷ್ಟು ಜಾಣೆ, ಯಾರ ಮಗು ಇದು ಎಂದು ಕೇಳಿದಳು. ದೊಡ್ಡಮ್ಮನಿಗೆ ಉತ್ತರ ಹೊಳೆಯಲು ಒಂದು ಕ್ಷಣವೂ ಬೇಕಾಗಲಿಲ್ಲ.

"ಎದುರು ಮನೆ ಹುಡುಗಿ. ಫಿಶರ್‌ವುಮನ್ ಮಗಳು. ಇವರ ಪಾಠ ಕೇಳಿ ಕೇಳಿ ಕನ್ನಡ ಕಲ್ತುಬಿಟ್ಟಿದೆ."

ಗೊತ್ತಿಲ್ಲದವರು ಮೆಚ್ಚಿ ನಕ್ಕರು, ಗೊತ್ತಿದ್ದ ಕನ್ನಡದ ಮನೆಯವರು ಕೋಸಂಬರಿಯ ಕಡೆ ಬಗ್ಗಿದರು. ನಾನು ದೊಡ್ಡಪ್ಪನನ್ನೇ ನೋಡಿದೆ. ಸುಳ್ಳು ಹೇಳಿದ್ದು ಅವರಲ್ಲ. ಅವರು ಮಾಡಿದ್ದು ಇಷ್ಟೇ: ಮುಗುಳ್ನಕ್ಕು, "ಬನ್ನಿ, ಚಂದ್ರ ಮುಳುಗೋ ಮೊದಲು ತೋರಿಸ್ತೀನಿ" ಎಂದು ನನಗೆ ಬೆನ್ನು ಹಾಕಿ, ಅತಿಥಿಗಳನ್ನು ತಾರಸಿಗೆ ಕರೆದುಕೊಂಡು ಹೋದರು. ಆ ಬೆನ್ನು, ಮೇಲೆ ಬೋಳುತಲೆಯ ಅರ್ಧಚಕ್ರ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಮಿನುಗುತ್ತ ಮೆಟ್ಟಿಲು ಹತ್ತಿತು.

ಗೇಟಿನ ಕಡೆಯಿಂದ ಫಿಲೋಮಿನ ಚೇಚಿಯ ದನಿ ಬಂತು. ಮೀನು ಮಾರುವ ದನಿ, ಮೂರು ಓಣಿಗೆ ಕೇಳುವಂಥದ್ದು.

"ಅದೇ! ಎಂಡೆ ಕೊಚ್ಚಾ! ಞಾನ್ ತವಿಡು ಕೊಡುತ್ತು ವಾಙ್ಙಿಯದಾ. ಇನಿ ತರೂಲ!"

ಹೌದು, ನನ್ನ ಮಗುವೇ, ತವುಡು ಕೊಟ್ಟು ಕೊಂಡದ್ದು, ಇನ್ನು ಕೊಡುವುದಿಲ್ಲ. ನನ್ನನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು, ಎಂಟು ವರ್ಷದವಳನ್ನು, ಓಣಿ ದಾಟಿ ಹೋದಳು. ಅಡುಗೆಮನೆಯಲ್ಲಿ ಅಮ್ಮನಿಗೆ ಎಲ್ಲವೂ ಕೇಳಿಸಿತ್ತು. ಅವಳು ಒಲೆ ಆರಿಸಿದಳು. ಕೈಗೆ ಮೆತ್ತಿದ್ದ ಕಡಲೆಹಿಟ್ಟನ್ನೂ ತೊಳೆಯದೆ ಹಿತ್ತಲಿನಿಂದ ಹೊರಟು ಫಿಲೋಮಿನ ಚೇಚಿಯ ಜಗಲಿಗೆ ಬಂದು ಕೂತಳು. ಮಗುವನ್ನು ಕೊಡು ಎಂದು ಕೇಳಲಿಲ್ಲ.

"ಕೊಡೋದಿಲ್ಲ ಅಂದ್ಯಲ್ಲ," ಎಂದಳು ತನ್ನ ಮುರುಕು ಮಲಯಾಳದಲ್ಲಿ. "ಕೊಡಬೇಡ. ನನ್ನನ್ನೂ ಕೊಂಡ್ಕೋ."

ಎದುರಿನ ತಾರಸಿಯಲ್ಲಿ ನೀಲಿ ಬೆಳಕು ಚೇಳಿನ ಬಾಲವನ್ನು ಸುತ್ತುತ್ತಿತ್ತು. ಇಲ್ಲಿ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನೋಡಿ, ಮೊದಲು ಒಬ್ಬಳು, ಆಮೇಲೆ ಇನ್ನೊಬ್ಬಳು ಅಳತೊಡಗಿದರು. ಮಾರನೆಯ ಬೆಳಿಗ್ಗೆ ಅಪ್ಪ ಎರಡು ಟ್ರಂಕು ಹೊತ್ತು ಓಣಿ ದಾಟಿದ. ಬಾಯಿಗೆ ಟವೆಲ್ ಇರಲಿಲ್ಲ. ಕೊಚ್ಚಿಯ ಅಂಬಲಮುಗಳ್‌ನಲ್ಲಿ ಎಣ್ಣೆ ಶುದ್ಧೀಕರಣದ ಕಡೆ ವೆಲ್ಡರುಗಳಿಗೆ ಯಾವಾಗಲೂ ಕೆಲಸವಿರುತ್ತದೆ ಎಂದು ಯಾರೋ ಹೇಳಿದ್ದರು. ಫಿಲೋಮಿನ ಚೇಚಿ ಬಸ್ಸಿನವರೆಗೆ ಬಂದಳು. ನನ್ನನ್ನು ಯಾರೂ ಯಾರಿಂದಲೂ ವಾಪಸ್ ಕೊಂಡುಕೊಳ್ಳಲಿಲ್ಲ. ವ್ಯವಹಾರದ ಪ್ರಕಾರ ನಾನು ಇವತ್ತಿಗೂ ಅವಳವಳೇ. ಅವಳು ಬದುಕಿರುವವರೆಗೆ ಪ್ರತಿ ಕ್ರಿಸ್ಮಸ್ಸಿಗೆ ಹೋಗುತ್ತಿದ್ದೆ, ಈಗ ಅವಳ ಸಮಾಧಿಗೆ ಹೋಗುತ್ತೇನೆ. ಅಲ್ಲಿಂದ ಕೂಗಳತೆಯಲ್ಲಿ ಆ ಕೆಂಪು ನೆಲದ ಮನೆ.

ಕೊಚ್ಚಿಯ ಕಲೂರಿನಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ಎರಡು ಕೋಣೆಯಲ್ಲಿ ನಾನು ದೊಡ್ಡವಳಾದೆ. ನನ್ನ ವ್ಯಾಪಾರವೂ ಅಲ್ಲೇ ಶುರುವಾದದ್ದು. ಮೊದಲು ಸ್ಟೇಡಿಯಂ ಮುಂದೆ, ಕತ್ತಲೆಯಲ್ಲಿ ಹೊಳೆಯುವ ಪ್ಲಾಸ್ಟಿಕ್ ನಕ್ಷತ್ರಗಳನ್ನು ಮಾರಿದೆ. ಬೇರೆಯವರು ಪ್ಯಾಕೆಟ್ ಮಾರಿ ಕೈತೊಳೆದುಕೊಳ್ಳುತ್ತಿದ್ದರು. ನಾನು ಗಿರಾಕಿಯ ಮನೆಗೇ ಹೋಗಿ, ಮಗುವಿನ ನಾಳ್ ಕೇಳಿ, ಹಾಸಿಗೆಯ ಮೇಲಿನ ಛಾವಣಿಗೆ ಅದೇ ನಕ್ಷತ್ರವನ್ನು ಸರಿಯಾದ ಆಕಾರದಲ್ಲಿ ಅಂಟಿಸಿ ಬರುತ್ತಿದ್ದೆ. ಸರಕು ಎಲ್ಲರ ಹತ್ತಿರವೂ ಇರುತ್ತದೆ, ಗಿರಾಕಿಗೆ ಅದು ತನ್ನದು ಅನ್ನಿಸುವ ಹಾಗೆ ಮಾಡುವುದೇ ವ್ಯಾಪಾರ. ಈಗ ನನ್ನ ಹತ್ತಿರ ಗಾಳಿ ತುಂಬಿದರೆ ಎದ್ದು ನಿಲ್ಲುವ ಗುಮ್ಮಟಗಳಿವೆ. ಶಾಲೆಯ ಸಭಾಂಗಣದಲ್ಲಿ ಉಬ್ಬಿಸಿ, ಮಕ್ಕಳು ತೆವಳಿಕೊಂಡು ಒಳಗೆ ಹೋದ ಮೇಲೆ ಪ್ರೊಜೆಕ್ಟರಿನ ಗುಂಡಿ ಒತ್ತಿದರೆ, ಹಗಲಲ್ಲೇ ಪೂರ್ತಿ ಆಕಾಶ. ಸಿಟ್ಟಾದ ವಿಶ್ವಾಮಿತ್ರ ತ್ರಿಶಂಕುವಿಗಾಗಿ ಬೇರೆ ನಕ್ಷತ್ರಗಳನ್ನೇ ಹುಟ್ಟಿಸಿದ ಕಥೆಯನ್ನು ಜನ ಅಹಂಕಾರದ ಕಥೆ ಎನ್ನುತ್ತಾರೆ. ನನಗೆ ಅದು ಬಂಡವಾಳ ಹೂಡಿದವನ ಕಥೆ. ನಿಮ್ಮನ್ನು ಒಂದು ಆಕಾಶದಿಂದ ತಳ್ಳಿದರೆ ಬಾಗಿಲಲ್ಲಿ ಅಳುತ್ತ ನಿಲ್ಲಬೇಡಿ. ಸ್ವಂತದ್ದೊಂದು ಮಾಡಿಕೊಳ್ಳಿ, ಗುಂಡಿ ನಿಮ್ಮ ಕೈಯಲ್ಲಿರಲಿ.

ನನ್ನ ಆಕಾಶದಲ್ಲಿ ಬಾಬಿಲೋನಿನ ಚೇಳಿದೆ, ಗ್ರೀಕರ ಬೇಟೆಗಾರನಿದ್ದಾನೆ, ಬಾಣ ಚುಚ್ಚಿದ ಪ್ರಜಾಪತಿಯಿದ್ದಾನೆ. ಜೊತೆಗೆ ನಾನು ಸೇರಿಸಿದ ಒಂದು ಚಿತ್ರವೂ ಇದೆ. ಚೇಳಿನ ಬಾಲದ ಎಡಕ್ಕೆ ಮಂಕಾದ ಚುಕ್ಕೆಗಳ ಒಂದು ಅರ್ಧಚಕ್ರವಿದೆ. ಅದನ್ನು ಬೋಳುತಲೆಯ ಹಿಂಭಾಗ ಮಾಡಿ, ಕೆಳಗೆ ಎರಡು ಗೆರೆಯಲ್ಲಿ ಬೆನ್ನು ಎಳೆದಿದ್ದೇನೆ. ಮುಖವಿಲ್ಲ. ಮಕ್ಕಳಿಗೆ ಅದರ ಕಥೆಯನ್ನೂ ಹೇಳುತ್ತೇನೆ: ಒಬ್ಬನಿಗೆ ಎಲ್ಲ ನಕ್ಷತ್ರಗಳ ಕಥೆಯೂ ಗೊತ್ತಿತ್ತು, ಆದರೂ ಒಂದು ನಕ್ಷತ್ರಕ್ಕೆ ಹೆದರಿ ಅದರಡಿ ಹುಟ್ಟಿದ ಮಗುವನ್ನು ಮಾರಿದ, ಮಗು ಬಾಗಿಲಿಗೆ ಬಂದಾಗ ಹೀಗೆ ತಿರುಗಿ ನಿಂತ, ಹಾಗೇ ಇದ್ದಾನೆ. ಹೆಸರು ಮಾತ್ರ ಹೇಳುವುದಿಲ್ಲ. ಕೊಚ್ಚಿಯ ಮಕ್ಕಳೇ ಅವನಿಗೆ ಹೆಸರಿಟ್ಟರು, ತಿರಿಞ್ಞ ಅಪ್ಪೂಪ್ಪನ್, ತಿರುಗಿ ನಿಂತ ತಾತ ಎಂದು. ಬೇಟೆಗಾರನಿಗಿಂತ ಅವನಿಗೇ ಚಪ್ಪಾಳೆ ಹೆಚ್ಚು.

ಹೋದ ವರ್ಷ ತಿರುವನಂತಪುರದ ಕನ್ನಡದವರ ಸಂಘದಿಂದ ಕರೆ ಬಂತು. ಮಕ್ಕಳಿಗೆ ಆಕಾಶದರ್ಶನ, ಮುಖ್ಯ ಅತಿಥಿ ನಿವೃತ್ತ ವಿಜ್ಞಾನಿ. ಹೆಸರು ಕೇಳಿದ ಮೇಲೆ ನಾನು ದರದಲ್ಲಿ ಚೌಕಾಸಿಯನ್ನೇ ಮಾಡಲಿಲ್ಲ. ದೊಡ್ಡಮ್ಮ ತೀರಿಕೊಂಡಿದ್ದರು. ದೊಡ್ಡಪ್ಪ ಒಬ್ಬರೇ ಫ್ಲ್ಯಾಟಿನಲ್ಲಿ, ಎಂಬತ್ತು ದಾಟಿ, ನೆಟ್ಟಗೆ. ಹೃದಯಕ್ಕೆ ಏನೂ ಆಗಿರಲಿಲ್ಲ. ನನ್ನನ್ನು ನೋಡಿ "ವಾಣಿ ತಾನೆ? ಎಷ್ಟು ಸಾಧಿಸಿಬಿಟ್ಟೆ! ನಮ್ಮ ಮನೆ ಹುಡುಗಿ ಇವಳು" ಎಂದು ಸಂಘದವರಿಗೆ ಪರಿಚಯ ಮಾಡಿಕೊಟ್ಟರು. ಸಾಧಿಸಿದವಳು ಸುಲಭವಾಗಿ ಮನೆ ಹುಡುಗಿಯಾಗುತ್ತಾಳೆ. ಗುಮ್ಮಟದೊಳಗೆ ಅವರಿಗೆ ಮಕ್ಕಳ ನಡುವೆ ಒಂದು ಕುರ್ಚಿ ಹಾಕಿಸಿದೆ. ಚೇಳು ಬಂದಾಗ ಖುಷಿಯಿಂದ ತಲೆಯಾಡಿಸಿದರು. ಆಮೇಲೆ ಬೋಳುತಲೆ, ಬೆನ್ನು ಮೂಡಿದವು. ನಾನು ಆಕಾಶವನ್ನು ಅಲ್ಲೇ ನಿಲ್ಲಿಸಿ, ಕಥೆ ಹೇಳಿದೆ, ಕೊಚ್ಚಿಯ ಮಕ್ಕಳಿಟ್ಟ ಹೆಸರಿನ ಸಮೇತ, ಒಂದು ಮಾತೂ ಬಿಡದೆ. ಮಕ್ಕಳು ಕನ್ನಡದಲ್ಲಿ ಕೇಳಿ ಮಲಯಾಳದಲ್ಲಿ ಕೂಗಿದರು. ಒಂದು ಪುಟ್ಟ ಹುಡುಗಿ, "ಅಯ್ಯೇ, ಈ ಅಪ್ಪೂಪ್ಪನ್ ಎಂದಾ ಇಙ್ಙನೆ?" ಈ ತಾತ ಯಾಕೆ ಹೀಗೆ ಎಂದು ದೊಡ್ಡಪ್ಪನನ್ನೇ ಕೇಳಿದಳು, ಹತ್ತಿರ ಕೂತಿದ್ದರಲ್ಲ.

ಮಕ್ಕಳೆಲ್ಲ ಹೊರಗೆ ಹೋದ ಮೇಲೂ ದೊಡ್ಡಪ್ಪ ಕುರ್ಚಿಯಿಂದ ಏಳಲಿಲ್ಲ.

"ಅಲ್ಲಿರೋದು ದಕ್ಷಿಣ ಕಿರೀಟ," ಎಂದರು. "ಗ್ರೀಕರದ್ದು."

"ಅವರಿಗೆ ಕಿರೀಟ ಕಂಡಿದೆ."

"ನೀನು ತೋರಿಸಿದ್ದು ಯಾವ ಜನರದ್ದು? ನಾನೆಲ್ಲೂ ಓದಿಲ್ಲ."

"ತುಂಬದವರದ್ದು, ದೊಡ್ಡಪ್ಪ. ಒಂದು ನವರಾತ್ರಿಯದ್ದು."

ಗಾಳಿಯ ಮೋಟಾರು ಸದ್ದು ಮಾಡುತ್ತಿತ್ತು.

"ಎಲ್ಲ ಶಾಲೇಲೂ ತೋರಿಸ್ತೀಯಾ?"

"ಎಲ್ಲ ಶಾಲೇಲೂ."

"ನನಗಾಗ ಭಯ ಆಗಿತ್ತು ವಾಣಿ."

"ನನಗೂ ಆಗಿತ್ತು."

"ಅದೊಂದನ್ನ ತೆಗೆದುಬಿಡಮ್ಮ," ಎಂದರು. ದನಿ ಸಣ್ಣದಾಗಿತ್ತು. "ನಾನಿನ್ನು ಎಷ್ಟು ದಿನ. ನಿನಗೇನು ಬೇಕೋ ಕೇಳು. ಎಲ್ಲರೆದುರು ಹೇಳಬೇಕಾ? ಹೇಳ್ತೀನಿ. ಏನು ಬೇಕು, ನೀನೇ ಹೇಳು."

ಬೆಲೆ ಹೇಳದೆ ನಾನು ಯಾವ ಗಿರಾಕಿಯನ್ನೂ ಕಳಿಸಿದವಳಲ್ಲ. ಬೆಲೆ ಹೇಳಿದರೆ ಮಾತು ಮುಂದುವರಿಯುತ್ತದೆ, ಅವರು ಇಳಿಸುತ್ತಾರೆ, ನಾವು ಸ್ವಲ್ಪ ಬಿಡುತ್ತೇವೆ, ಕೊನೆಗೆ ಇಬ್ಬರೂ ಎದ್ದು ಹೋಗುತ್ತೇವೆ. ಅದಕ್ಕೇ ಹೇಳಲಿಲ್ಲ. ಅವರು ಲೆಕ್ಕ ಚುಕ್ತಾ ಮಾಡಿ ಎದ್ದು ಹೋಗುವುದು ನನಗೆ ಬೇಕಾಗಿರಲಿಲ್ಲ. ಮುಂದಿನ ತಂಡದ ಮಕ್ಕಳು ಆಗಲೇ ಬಾಗಿಲಿಗೆ ಮುತ್ತಿದ್ದರು. ಮೊದಲ ತಂಡದವರು ಹೊರಗೆ ಹೋಗಿ ಎಲ್ಲ ಹೇಳಿಬಿಟ್ಟಿದ್ದರು. ಒಬ್ಬಳು ತೆವಳುತ್ತ ಅರ್ಧ ಒಳಗೆ ಬಂದು, ಕುರ್ಚಿಯಲ್ಲಿದ್ದವರನ್ನು ಗಮನಿಸದೆ ನನ್ನನ್ನು ಕೇಳಿದಳು.

"ಚೇಚೀ, ತಿರಿಞ್ಞ ಅಪ್ಪೂಪ್ಪನ್ ಇನಿಯುಂ ಉಂಡೋ?" ತಿರುಗಿ ನಿಂತ ತಾತ ಇನ್ನೂ ಇದ್ದಾನಾ ಎಂದು.

"ಉಂಡು," ಎಂದೆ. "ಇಲ್ಲೇ ಇದಾನೆ, ಎಲ್ಲೂ ಹೋಗಲ್ಲ. ಕೇರಿ ವಾ, ಒಳಗೆ ಬಾ."